ತುಂಬಿದ ಕೆರೆಗೆ ಒಣಗೋದೂ ಬೇಕು

ವಿಜಯಪುರ ಜಿಲ್ಲೆಯಲ್ಲಿ ಕೆರೆ ಮಾತು ಬಂದರೆ ಮೊದಲು ಕೇಳೋ ಪ್ರಶ್ನೆ ಒಂದೇ. ನೀರು ಬಂತಾ? ಬಂತು ಅಂದರೆ ಮಾತು ಮುಗಿಯಿತು. ಆ ನೀರು ಎಂಥದ್ದು, ಅದರೊಳಗೆ ಏನು ಬದುಕಿದೆ, ಏನು ಸತ್ತಿದೆ ಅಂತ ಕೇಳುವವರು ಕಡಿಮೆ. ಇದರಲ್ಲಿ ತಪ್ಪು ಹುಡುಕೋಕೂ ಆಗಲ್ಲ. ಬರ ಕಂಡು ಕಂಡು ಸಾಕಾದ ಸೀಮೆ ಇದು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವರಿಗೆ, ಒಣಗಿದ ದ್ರಾಕ್ಷಿ ತೋಟಕ್ಕೆ ಟ್ಯಾಂಕರಿನಲ್ಲೇ ನೀರು ಹೊಡೆಸಿ ಸಾಲ ಮಾಡಿಕೊಂಡವರಿಗೆ ನೀರಿನ ಗುಣದ ಪಾಠ ಹೇಳೋದು ಸುಮ್ನೆ ಉಪದೇಶ ಆಗುತ್ತದೆ.

ಹಾಗಾಗಿ ಆಲಮಟ್ಟಿ ಹಿನ್ನೀರಿಗೆ ಬಳೂತಿಯಲ್ಲಿ ಜಾಕ್‌ವೆಲ್ (ನೀರೆತ್ತುವ ಪಂಪಿನ ಬಾವಿ) ಹಾಕಿ, ಮುಳವಾಡ ಏತ ನೀರಾವರಿಯಿಂದ ಕೆರೆಗಳಿಗೆ ನೀರು ಬಿಡಲು ಶುರುವಾದಾಗ ಊರೂರಲ್ಲಿ ಬಾಗಿನ ಬಿಟ್ಟರು. ಆಮೇಲೆ ತುಬಚಿ-ಬಬಲೇಶ್ವರ ಯೋಜನೆ ಬಂತು, ಚಡಚಣದ್ದೂ ಬಂತು. ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಗೂ ನೀರು ಬಂತು. ಸುತ್ತಲಿನ ಬಾವಿ, ಬೋರ್‌ವೆಲ್ ಜೀವ ಹಿಡಿದವು. ಇದನ್ನು ಸಣ್ಣದು ಮಾಡಿ ಮಾತಾಡುವವರ ಗುಂಪಿನಲ್ಲಿ ನಾನಿಲ್ಲ. ನನ್ನ ತಕರಾರು ಬೇರೆ. ನೀರು ತುಂಬಿಸಿದ ಮೇಲೆ ನಾವು ಕೆರೆಯ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದೇವೆ. ಒಳಗೆ ನಿಧಾನವಾಗಿ ಒಂದು ಬದಲಾವಣೆ ಆಗುತ್ತಿದೆ, ಅದು ನಾಲ್ಕೈದು ವರ್ಷಕ್ಕೆ ಕಣ್ಣಿಗೆ ಬೀಳುವಂಥದ್ದಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲು ಈ ಕೆರೆಗಳು ಹೇಗಿದ್ದವು ಅನ್ನೋದು ನೋಡೋಣ. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಸರಿಯಾಗಿ ಬಂದರೆ. ಜೂನ್‌ನಲ್ಲಿ ಒಂದಿಷ್ಟು ಸುರಿದು ನಡುವೆ ಮಾಯವಾಗಿ, ಸೆಪ್ಟೆಂಬರ್‌ನಲ್ಲಿ ಜೋರು ಹಿಡಿಯುತ್ತದೆ. ಕೆರೆ ತುಂಬುವುದು ಆಗಲೇ. ದಸರೆ, ದೀಪಾವಳಿ ಹೊತ್ತಿಗೆ ತುಂಬಿದ ಕೆರೆ, ಸಂಕ್ರಾಂತಿಗೆ ಸ್ವಲ್ಪ ಇಳಿದ ಕೆರೆ, ಯುಗಾದಿಗೆ ನಡುವೆ ಮಾತ್ರ ನೀರು, ಮೇ ತಿಂಗಳಲ್ಲಿ ಬಿರುಕು ಬಿಟ್ಟ ಎರೆಮಣ್ಣು. ಒಳ್ಳೆ ವರ್ಷದಲ್ಲಿ ಕೋಡಿ ಹರಿಯಿತು, ಕೆಟ್ಟ ವರ್ಷದಲ್ಲಿ ತಳ ಒದ್ದೆಯಾಗಿದ್ದೇ ಬಂತು. ಶತಮಾನಗಟ್ಟಲೆ ಇದೇ ನಡೆಯಿತು. ಮಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್ ಇರಲಿ, ಬಾಗಲಕೋಟೆ ಪಕ್ಕದ ಮುಚಖಂಡಿಯಲ್ಲಿ ಬ್ರಿಟಿಷರು 1882ರಲ್ಲಿ ಕಟ್ಟಿದ ಕೆರೆ ಇರಲಿ, ಎಲ್ಲವೂ ಮಳೆ ಕೊಟ್ಟಷ್ಟು ತುಂಬಿ ಬಿಸಿಲು ಕೇಳಿದಷ್ಟು ಬಿಟ್ಟುಕೊಡುವ ಕೆರೆಗಳೇ.

ಒಣಗುವುದನ್ನು ನಾವು ಕೆರೆಯ ಸಾವು ಅಂದುಕೊಂಡಿದ್ದೇವೆ. ಆದರೆ ಆ ಕೆರೆಯಲ್ಲಿ ಬದುಕುತ್ತಿದ್ದ ಜೀವಿಗಳ ಲೆಕ್ಕವೇ ಬೇರೆ. ತಳದ ಮಣ್ಣಿನೊಳಗೆ ಸಣ್ಣ ಸಣ್ಣ ಸಿಗಡಿ ಜಾತಿಯ ಹುಳುಗಳ ಮೊಟ್ಟೆ ಒಣಗಿಕೊಂಡೇ ವರ್ಷಗಟ್ಟಲೆ ಇರುತ್ತವೆ. ಕೆಲವಕ್ಕಂತೂ ಒಮ್ಮೆ ಒಣಗದೆ ಮೊಟ್ಟೆ ಒಡೆಯುವುದೇ ಇಲ್ಲ. ಮೊದಲ ದೊಡ್ಡ ಮಳೆಗೆ ಅವು ಎದ್ದು ನೀರಿನಲ್ಲಿ ಈಜುತ್ತವೆ, ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಕಪ್ಪೆಗಳು ಬೇಸಿಗೆಯಲ್ಲಿ ಮಣ್ಣಿನೊಳಗೆ ಇಳಿದು ಕೂರುತ್ತವೆ. ಕೆರೆಯ ಮೆದು ಚಿಪ್ಪಿನ ಆಮೆಯೂ ಹಾಗೇ, ಕೆಸರಿನೊಳಗೆ ಸೇರಿಕೊಂಡು ಮಳೆಗೆ ಕಾಯುತ್ತದೆ. ಬಸವನಹುಳು ಬಾಯಿ ಮುಚ್ಚಿಕೊಂಡು ಮಲಗುತ್ತದೆ. ಜೊಂಡು ಹುಲ್ಲಿನ, ನೀರಂಚಿನ ಎಷ್ಟೋ ಸಸಿಗಳ ಬೀಜ ಮೊಳೆಯುವುದು ನೀರು ಇಳಿದ ಹಸಿ ಮಣ್ಣಿನಲ್ಲಿ, ಆಳ ನೀರಿನಲ್ಲಿ ಅಲ್ಲ. ನೀರು ಇಳಿದ ಕಡೆ ಕೊಕ್ಕರೆ, ಉಲ್ಲಂಕಿ, ಬಾತುಗಳಿಗೆ ಊಟ.

ಇನ್ನು ಮನುಷ್ಯರ ಪಾಲು. ಮೇ ತಿಂಗಳಲ್ಲಿ ರೈತರು ಚಕ್ಕಡಿ ಕಟ್ಟಿಕೊಂಡು, ಈಚೆಗೆ ಟ್ರ್ಯಾಕ್ಟರ್ ತಂದು, ಕೆರೆಯ ಹೂಳು ಹೊಲಕ್ಕೆ ಹೊಡೆಯುತ್ತಿದ್ದರು. ಪುಕ್ಕಟೆ ಗೊಬ್ಬರ ಅಂತ ಹೊಡೆದರು. ಕೆರೆಗೆ ಉಪಕಾರ ಮಾಡುತ್ತಿದ್ದೇವೆ ಅಂತ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗೋ ಅಗತ್ಯವೂ ಇರಲಿಲ್ಲ. ಮಳೆ ನೀರು ಹೊಲದಿಂದ ಕೆರೆಗೆ ತಂದ ಸತ್ವ ಎತ್ತಿನ ಗಾಡಿಯಲ್ಲಿ ವಾಪಸ್ ಹೊಲಕ್ಕೆ ಹೋಗುತ್ತಿತ್ತು. ಒಂದು ವಿಷಯ ಸ್ಪಷ್ಟ ಮಾಡಬೇಕು. ಬರೀ ಒಣಗಿದ್ದಕ್ಕೆ ಕೆರೆ ಸ್ವಚ್ಛ ಆಗುವುದಿಲ್ಲ. ಒಣಗಿದ ಮಣ್ಣು ಮತ್ತೆ ನೆನೆದಾಗ ಅದರಲ್ಲಿದ್ದ ಪೋಷಕಾಂಶ ಒಮ್ಮೆಲೇ ನೀರಿಗೆ ಬಿಡುತ್ತದೆ ಕೂಡ. ಹೂಳು ಹೊರಗೆ ಹೋಗಬೇಕು, ಆಗಲೇ ಲಾಭ. ಆದರೆ ಒಣಗದ ಕೆರೆಯಿಂದ ಹೂಳು ಎತ್ತುವವರು ಯಾರು? ಟ್ರ್ಯಾಕ್ಟರ್ ನೀರಿನಲ್ಲಿ ಇಳಿಯುವುದಿಲ್ಲವಲ್ಲ.

ಈಗ ಕೃಷ್ಣೆಯ ನೀರಿನ ವಿಷಯ. ಬೈಯೋಕೆ ಹೊರಟಿಲ್ಲ, ಬರೀ ಎಲ್ಲಿಂದ ಬರುತ್ತದೆ ನೋಡಿ. ಮಹಾಬಳೇಶ್ವರದಲ್ಲಿ ಹುಟ್ಟಿ ಸಾತಾರಾ, ಸಾಂಗಲಿ ದಾಟಿ, ಕೊಲ್ಹಾಪುರದ ಪಂಚಗಂಗೆಯನ್ನು ಸೇರಿಸಿಕೊಂಡು ಬೆಳಗಾವಿ ಜಿಲ್ಲೆಗೆ ಬರುತ್ತದೆ. ಪಂಚಗಂಗೆಯ ಮಾಲಿನ್ಯ ಮಹಾರಾಷ್ಟ್ರದಲ್ಲಿ ಎಷ್ಟೋ ವರ್ಷಗಳಿಂದ ಸುದ್ದಿ. ಅಲ್ಲಿಂದ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ. ಎರಡೂ ದಡಕ್ಕೆ ಕಬ್ಬು. ಕಬ್ಬಿಗೆ ಯೂರಿಯಾ, ಡಿಎಪಿ. ನಡುವೆ ಸಕ್ಕರೆ ಕಾರ್ಖಾನೆಗಳು, ಊರುಗಳ ಗಟಾರ. ಈ ನೀರು ಆಲಮಟ್ಟಿಯಲ್ಲಿ ನಿಂತು, ಪಂಪಿನಲ್ಲಿ ಮೇಲೇರಿ, ಕಾಲುವೆಯಲ್ಲಿ ಹರಿದು ನಮ್ಮೂರ ಕೆರೆಗೆ ಬೀಳುತ್ತದೆ. ಸಾವಿರಾರು ಎಕರೆ ಹೊಲದ ಪಾಲು ಅದರಲ್ಲಿ ಕರಗಿರುತ್ತದೆ.

ಕರಗಿದ್ದರಲ್ಲಿ ಕೆರೆಗೆ ಮುಖ್ಯವಾದದ್ದು ರಂಜಕ, ಅಂದರೆ ಫಾಸ್ಫರಸ್. ರೈತರಿಗೆ ಡಿಎಪಿ ಚೀಲದ ಮೇಲಿನ 18-46 ಬಾಯಿಪಾಠ. ಆ 46 ಅನ್ನೋದು ರಂಜಕದ ಆಕ್ಸೈಡಿನ ಶೇಕಡಾ ಲೆಕ್ಕ, ಅದನ್ನು ಬಿಡಿಸಿದರೆ 50 ಕಿಲೋ ಚೀಲದಲ್ಲಿ ಶುದ್ಧ ರಂಜಕ ಸುಮಾರು 10 ಕಿಲೋ ಇರುತ್ತದೆ. ಒಂದು ಕಿಲೋ ರಂಜಕ ಸಿಕ್ಕರೆ, ಉಳಿದದ್ದೆಲ್ಲ ಸಾಕಷ್ಟಿದ್ದರೆ, ನೀರಿನಲ್ಲಿ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಯಬಹುದು ಅಂತ ಕೆರೆ ವಿಜ್ಞಾನಿಗಳ ಹಳೆಯ ಲೆಕ್ಕ. ಅಂದರೆ ಒಂದು ಚೀಲ ಡಿಎಪಿ ಪೂರ್ತಿ ಕೆರೆಗೆ ಹರಿದು ಬಂದರೆ ಐದು ಟನ್ ಪಾಚಿ. ಪೂರ್ತಿ ಬರುವುದಿಲ್ಲ, ಬಹಳಷ್ಟು ಮಣ್ಣಿಗೇ ಅಂಟಿಕೊಳ್ಳುತ್ತದೆ. ಆದರೆ ಆ ಮಣ್ಣೇ ಮಳೆಗೆ ಕೊಚ್ಚಿಕೊಂಡು ಕೆರೆಗೆ ಬರುತ್ತದೆ ಅಲ್ವಾ.

ರಂಜಕವೇ ಯಾಕೆ, ಸಾರಜನಕ ಯಾಕಲ್ಲ? ಇದನ್ನು ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ 1973ರಲ್ಲಿ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿತು. ಒಂಟಾರಿಯೊ ಪ್ರಾಂತ್ಯದ ಕಾಡಿನಲ್ಲಿ 226 ಅಂತ ಬರೀ ನಂಬರ್ ಇದ್ದ ಒಂದು ಕೆರೆ. ಅದರ ಸೊಂಟಕ್ಕೆ ದಪ್ಪ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಮಾತ್ರ ನೀರು ಹಸಿರಾಯಿತು. ವಿಮಾನದಿಂದ ತೆಗೆದ ಆ ಫೋಟೊ ನೋಡಿ ಎಷ್ಟೋ ದೇಶಗಳು ಬಟ್ಟೆ ಸೋಪಿನಪುಡಿಯಲ್ಲಿ ರಂಜಕದ ಬಳಕೆಗೆ ಮಿತಿ ಹಾಕಿದವು. ಸಾರಜನಕ ಮುಖ್ಯವೇ ಅಲ್ಲ ಅಂತ ಇದರ ಅರ್ಥ ಅಲ್ಲ, ಬೆಚ್ಚಗಿನ ನಾಡಿನ ಕೆರೆಗಳಲ್ಲಿ ಅದರ ಪಾತ್ರದ ಬಗ್ಗೆ ಇನ್ನೂ ವಾದ ಇದೆ. ಆದರೆ ಎಲ್ಲಿಂದ ಕೈ ಹಚ್ಚಬೇಕು ಅಂದರೆ ಉತ್ತರ ರಂಜಕ.

ಸಾರಜನಕ ಕಡೆಗೆ ಗಾಳಿಗಾದರೂ ಹಾರಿ ಹೋಗುತ್ತದೆ. ರಂಜಕಕ್ಕೆ ಆ ದಾರಿ ಇಲ್ಲ. ಕೆರೆಗೆ ಬಂತೆಂದರೆ ಮೂರೇ ದಾರಿ: ಕೋಡಿ ಹರಿದು ಹೋಗಬೇಕು, ಮೀನಿನ ಮೈಯಲ್ಲಿ ಹೋಗಬೇಕು, ಇಲ್ಲಾ ಹೂಳಿನ ಜತೆ ಹೋಗಬೇಕು. ಮೂರೂ ಆಗದಿದ್ದರೆ ತಳಕ್ಕೆ ಕೂರುತ್ತದೆ. ಕೂತದ್ದು ಸುಮ್ಮನಿರುವುದಿಲ್ಲ. ತಳದಲ್ಲಿ ಆಮ್ಲಜನಕ ಇರೋತನಕ ಅದು ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿರುತ್ತದೆ, ಆಮ್ಲಜನಕ ಮುಗಿದ ದಿನ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಹಳೇ ಸಾಲದ ಬಡ್ಡಿ ಇದ್ದ ಹಾಗೆ. ಇವತ್ತು ಗಟಾರದ ನೀರು ಪೂರ್ತಿ ನಿಲ್ಲಿಸಿದರೂ ಹತ್ತು ವರ್ಷದ ಹಿಂದೆ ಬಂದ ರಂಜಕ ಕೆರೆಯನ್ನು ಹಸಿರು ಮಾಡುತ್ತಲೇ ಇರುತ್ತದೆ.

ಹಸಿರು ಕೆರೆ ನೋಡಬೇಕು ಅಂದರೆ ಬಾದಾಮಿಗೆ ಹೋಗಿ. ಅಗಸ್ತ್ಯ ತೀರ್ಥ. ಗುಹೆಯ ಮೇಲಿಂದ ಫೋಟೊ ತೆಗೆದರೆ ಕೆಂಪು ಬಂಡೆ, ಹಸಿರು ನೀರು, ಆಚೆ ದಡಕ್ಕೆ ಭೂತನಾಥ ಗುಡಿ, ಬಹಳ ಚೆಂದ. ಕೆಳಗೆ ಇಳಿದು ನೋಡಿದರೆ ಬೇರೆ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರ ಸೋಪಿನ ನೊರೆ, ನೀರಿನೊಳಗೆ ಎರಡನೇ ಮೆಟ್ಟಿಲೂ ಕಾಣಲ್ಲ. ಸುತ್ತ ಬಂಡೆ, ಬಂದದ್ದು ಹೊರಗೆ ಹೋಗೋ ದಾರಿ ಕಮ್ಮಿ. ಬೆಳಗಾವಿಯ ಕೋಟೆ ಕೆರೆ ಇನ್ನೊಂದು ಉದಾಹರಣೆ. 2018ರಲ್ಲಿ ಅದರ ದಡದಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದರು. ಜನ ಕತ್ತೆತ್ತಿ ಮೇಲೆ ನೋಡುತ್ತಾರೆ, ಕೆಳಗಿನ ನೀರಿನ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾಚಿ ಯಾವುದು ಅನ್ನೋದು ಮನೆಯಲ್ಲೇ ನೋಡಬಹುದು. ಕೈಗೆ ಗ್ಲೌಸ್ ಹಾಕಿಕೊಂಡು ಒಂದು ಪಾರದರ್ಶಕ ಬಾಟಲಿಗೆ ಕೆರೆಯ ನೀರು ತುಂಬಿ, ಮುಕ್ಕಾಲು ತುಂಬಿದರೆ ಸಾಕು, ಅಲ್ಲಾಡಿಸದೆ ರಾತ್ರಿಯಿಡೀ ಇಡಿ. ಬೆಳಗ್ಗೆ ಹಸಿರು ತಳಕ್ಕೆ ಇಳಿದಿದ್ದರೆ ಅಥವಾ ನೀರಿನ ತುಂಬ ಹರಡಿಕೊಂಡೇ ಇದ್ದರೆ ಸಾಮಾನ್ಯ ಪಾಚಿ ಇರಬಹುದು. ಮೇಲೆ ಬಂದು ಬಾಟಲಿಯ ಕತ್ತಿಗೆ ಬಳೆ ಹಾಗೆ ಕೂತಿದ್ದರೆ ನೀಲಿ-ಹಸಿರು ಪಾಚಿ ಇರುವ ಸಾಧ್ಯತೆ ಜಾಸ್ತಿ. ಅದರ ಕೋಶದೊಳಗೆ ಗಾಳಿಯ ಸಣ್ಣ ಚೀಲಗಳಿರುತ್ತವೆ, ಬಿಸಿಲು ಬೇಕಾದಾಗ ಮೇಲೆ ತೇಲುತ್ತದೆ. ಗಾಳಿ ಬೀಸಿದ ದಿಕ್ಕಿನ ಮೂಲೆಗೆ ಹೋಗಿ ಬಣ್ಣ ಚೆಲ್ಲಿದಂತೆ ಕೂಡುತ್ತದೆ, ಕಲ್ಲಿನ ಮೇಲೆ ಒಣಗಿದರೆ ಸ್ವಲ್ಪ ನೀಲಿ ಕಾಣುತ್ತದೆ, ಕೊಳೆತ ವಾಸನೆ. ಇದರಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ದನ, ನಾಯಿ ಕುಡಿದು ಸತ್ತ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಬೋಟ್ಸ್ವಾನಾದಲ್ಲಿ 2020ರಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ಬೆರಳು ತೋರಿಸಿದ್ದು ಇದೇ ಜಾತಿಯ ಜೀವಿಗಳ ಕಡೆ. ಹಸಿರು ಕೆನೆ ಕಟ್ಟಿದ ಮೂಲೆಯಲ್ಲಿ ಎಮ್ಮೆ ಇಳಿಸಬೇಡಿ, ಇಷ್ಟೇ.

ಆಳ ಇಲ್ಲದ ಕೆರೆಗಳಿಗೆ ಇನ್ನೊಂದು ಸ್ವಭಾವ ಇದೆ. ನಮ್ಮ ಕೆರೆಗಳೆಲ್ಲ ಈ ಜಾತಿಯವೇ. ಅವು ಸ್ವಲ್ಪ ಸ್ವಲ್ಪವಾಗಿ ಕೆಡುವುದಿಲ್ಲ. ತಿಳಿ ನೀರು, ತಳದಲ್ಲಿ ಸಸ್ಯ, ಸಸ್ಯದ ನಡುವೆ ಅವಿತುಕೊಂಡು ಪಾಚಿ ತಿನ್ನುವ ಪುಟ್ಟ ನೀರುಚಿಗಟಗಳು, ಇದು ಒಂದು ಸ್ಥಿತಿ. ರಂಜಕ ಹೆಚ್ಚುತ್ತಾ ಹೋದರೂ ಕೆರೆ ಬಹಳ ದಿನ ತಡೆದುಕೊಳ್ಳುತ್ತದೆ, ಹೊರಗಿನಿಂದ ಏನೂ ಆಗಿಲ್ಲ ಅನ್ನಿಸುತ್ತದೆ. ಒಂದು ಹಂತ ದಾಟಿದ ಮೇಲೆ ಒಂದೆರಡು ಬೇಸಿಗೆಯಲ್ಲೇ ಎಲ್ಲ ತಿರುಗಿ ಬೀಳುತ್ತದೆ. ಪಾಚಿ ಬೆಳಕು ಮುಚ್ಚುತ್ತದೆ, ತಳದ ಸಸ್ಯ ಸಾಯುತ್ತದೆ, ಸಸ್ಯ ಹೋದ ಮೇಲೆ ಮಣ್ಣು ಹಿಡಿಯುವವರಿಲ್ಲ, ಗಾಳಿಗೆ ಕೆಸರು ಏಳುತ್ತದೆ, ನೀರುಚಿಗಟಕ್ಕೆ ಅಡಗಲು ಜಾಗ ಇಲ್ಲದೆ ಮೀನಿನ ಹೊಟ್ಟೆ ಸೇರುತ್ತದೆ, ಪಾಚಿಗೆ ಕೇಳುವವರೇ ಇಲ್ಲ. ತೊಂದರೆ ಏನೆಂದರೆ, ಯಾವ ಮಟ್ಟದ ರಂಜಕದಲ್ಲಿ ಕೆಟ್ಟಿತೋ ಅದೇ ಮಟ್ಟಕ್ಕೆ ಇಳಿಸಿದರೆ ಕೆರೆ ಸರಿಹೋಗುವುದಿಲ್ಲ. ಅದಕ್ಕಿಂತ ಬಹಳ ಕೆಳಗೆ ಇಳಿಸಬೇಕು. ಅಥವಾ ಕೆರೆಯನ್ನು ಒಮ್ಮೆ ಅಲುಗಾಡಿಸಬೇಕು. ಆ ಅಲುಗಾಟದ ಹಳೇ ಹೆಸರೇ ಬೇಸಿಗೆ. ನೀರು ಇಳಿಸಿ ತಳಕ್ಕೆ ಬಿಸಿಲು ಕೊಟ್ಟು, ತಳ ಕೆದಕುವ ಮೀನು ಕಡಿಮೆ ಮಾಡಿ ಸಸ್ಯಗಳನ್ನು ಮತ್ತೆ ಎಬ್ಬಿಸುವುದನ್ನು ಯುರೋಪ್, ಅಮೆರಿಕದ ಕೆರೆಗಳಲ್ಲಿ ಚಿಕಿತ್ಸೆ ಅಂತ ಮಾಡುತ್ತಾರೆ. ನಮಗೆ ಅದು ಪ್ರತಿ ವರ್ಷ ಪುಕ್ಕಟೆ ಆಗುತ್ತಿತ್ತು.

ಇದರ ಮೇಲೆ ಬಿಸಿ. ಜಗತ್ತಿನ 235 ಕೆರೆಗಳ 1985ರಿಂದ 2009ರವರೆಗಿನ ಅಳತೆ ಸೇರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೇಸಿಗೆಯಲ್ಲಿ ಕೆರೆಗಳ ಮೇಲ್ಮೈ ನೀರು ಹತ್ತು ವರ್ಷಕ್ಕೆ ಸರಾಸರಿ 0.34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತಿತ್ತು. ಇಷ್ಟೇನಾ ಅನ್ನಿಸಬಹುದು. ಆದರೆ ಬಿಸಿ ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.6. ನಮ್ಮೂರು ಎತ್ತರದಲ್ಲಿರುವುದರಿಂದ ಇನ್ನೂ ಸ್ವಲ್ಪ ಕಮ್ಮಿ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಜಾಸ್ತಿ, ತಳದಲ್ಲಿ ಕೊಳೆಯುವುದೂ ಜಾಸ್ತಿ. ಆದಾಯ ಇಳಿದು ಖರ್ಚು ಏರಿದ ಮನೆಯ ಕಥೆ ಗೊತ್ತಲ್ಲ.

ಪಾಚಿ ತುಂಬಿದ ಕೆರೆಯಲ್ಲಿ ಹಗಲು ಆಮ್ಲಜನಕಕ್ಕೆ ಕೊರತೆ ಇರಲ್ಲ, ಮಧ್ಯಾಹ್ನ ಬೇಕಾದಕ್ಕಿಂತ ಹೆಚ್ಚೇ ಇರುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಕೊಡುವವರಿಲ್ಲ. ಬೆಳಗಿನ ಐದಕ್ಕೆ, ಕತ್ತಲು ಇನ್ನೂ ಪೂರ್ತಿ ಹರಿಯುವ ಮೊದಲು, ಇಂಥ ಕೆರೆಯ ಒಡ್ಡಿನ ಮೇಲೆ ನಿಂತರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುವುದು ಕಾಣುತ್ತದೆ. ಆಟ ಅಲ್ಲ ಅದು, ಉಸಿರಿಗೆ ಪರದಾಟ. ಮೇಲ್ಮೈಯ ತೆಳು ಪದರದಲ್ಲಿ ಮಾತ್ರ ಗಾಳಿಯಿಂದ ಬಂದ ಆಮ್ಲಜನಕ ಸ್ವಲ್ಪ ಇರುತ್ತದೆ. ಬಿಸಿಲು ಬಂದು ಒಂದೆರಡು ತಾಸಿಗೆ ಎಲ್ಲ ಸರಿ. ಯಾವುದೋ ಒಂದು ದಿನ ಮೋಡ ಕವಿದು ಗಾಳಿ ನಿಂತರೆ ಸರಿಯಾಗುವುದಿಲ್ಲ. ಮೊದಲ ಮುಂಗಾರು ಮಳೆಗೆ ಕೆರೆಯಲ್ಲಿ ಮೀನು ಸತ್ತು ತೇಲಿದರೆ ಯಾರೋ ವಿಷ ಹಾಕಿದರು ಅಂತ ಊರಲ್ಲಿ ಜಗಳ ಶುರುವಾಗುತ್ತದೆ. ವಿಷ ಹಾಕಿದ್ದೂ ಇರಬಹುದು. ಬಹಳ ಸಲ ಮಾತ್ರ ಕಾರಣ ಇದು: ಬೇಸಿಗೆಯಿಡೀ ಗಟಾರದಲ್ಲಿ, ಹಳ್ಳದಲ್ಲಿ ಕೂತ ಹೊಲಸು ಒಂದೇ ಮಳೆಗೆ ಕೆರೆಗೆ ನುಗ್ಗುತ್ತದೆ, ತಂಪು ಮಳೆನೀರು ತಳದ ಕೆಟ್ಟ ನೀರನ್ನು ಕಲಕಿ ಮೇಲೆ ತರುತ್ತದೆ, ಇದ್ದಬದ್ದ ಆಮ್ಲಜನಕ ಒಂದೇ ರಾತ್ರಿಯಲ್ಲಿ ಖಾಲಿ.

ಉಪ್ಪಿನ ಮಾತು ಯಾರೂ ಎತ್ತುವುದಿಲ್ಲ, ನನಗೆ ಅದರ ಚಿಂತೆಯೇ ಜಾಸ್ತಿ. ನಮ್ಮ ಬಿಸಿಲಿಗೆ ವರ್ಷಕ್ಕೆ ಒಂದೂವರೆ ಮೀಟರ್ ನೀರು ಕೆರೆಯಿಂದ ಆವಿಯಾಗುತ್ತದೆ ಅಂತ ಹಿಡಿಯಿರಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಾಲುವೆ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಅಂದುಕೊಂಡರೆ, ಆವಿಯಾದ ಅಷ್ಟೂ ನೀರನ್ನು ಪ್ರತಿ ವರ್ಷ ಕಾಲುವೆಯಿಂದಲೇ ತುಂಬಿದರೆ, ಒಂದೊಂದು ಎಕರೆ ಕೆರೆಗೆ ವರ್ಷಕ್ಕೆ ಎರಡು ಟನ್ ಹತ್ತಿರ ಉಪ್ಪಿನಂಶ ಸೇರುತ್ತದೆ. ಇದು ನನ್ನ ಕಾಗದದ ಲೆಕ್ಕ, ಅಳತೆ ಮಾಡಿದ್ದಲ್ಲ. ಸ್ವಲ್ಪ ಭೂಮಿಯೊಳಗೆ ಇಂಗಿ ಹೋಗುತ್ತದೆ, ಹೋಗಿ ಬೋರ್‌ವೆಲ್ ಸೇರುತ್ತದೆ. ಕೋಡಿ ಹರಿದರೆ ತೊಳೆದು ಹೋಗುತ್ತದೆ. ಆದರೆ ಪಂಪಿನ ನೀರನ್ನು ಕೋಡಿ ಹರಿಯುವಷ್ಟು ಯಾರು ಬಿಡುತ್ತಾರೆ? ಕರೆಂಟ್ ಖರ್ಚು ಯಾರು ಕೊಡುತ್ತಾರೆ? ಉಪ್ಪು ಏನು ಮಾಡುತ್ತದೆ ಅಂತ ಡೋಣಿ ಹೊಳೆಯ ಸಾಲಿನವರಿಗೆ ಹೇಳಬೇಕಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತ ಹೆಮ್ಮೆಯಿಂದ ಹೇಳುವ ಆ ಎರೆಭೂಮಿಯ ನಡುವೆಯೇ ಸವಳು ನೀರಿನ ಹೊಳೆ ಹರಿಯುತ್ತದೆ.

ಹಕ್ಕಿಗಳ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. ಈಗೀಗ ಚಳಿಗಾಲದಲ್ಲಿ, ಬೇಸಿಗೆಯಲ್ಲಿ ರಾಜಹಂಸ (ಫ್ಲೆಮಿಂಗೊ) ನೋಡಬೇಕಂದರೆ ಜನ ಹೋಗುವುದು ಬಾಗಲಕೋಟೆ ಕಡೆಯ ಆಲಮಟ್ಟಿ ಹಿನ್ನೀರಿಗೆ. ಅಷ್ಟು ದೊಡ್ಡ ಅಣೆಕಟ್ಟು, 519.60 ಮೀಟರ್ ಮಟ್ಟಕ್ಕೆ ತುಂಬಿದರೆ 123 ಟಿಎಂಸಿ ಹತ್ತಿರ ನೀರು. ಹಕ್ಕಿಗೆ ಅದಷ್ಟೂ ಬೇಕಿಲ್ಲ. ಮಳೆಗಾಲದಲ್ಲಿ ತುಂಬಿದ ನೀರು ಕಾಲುವೆಗೆ ಹೋಗ್ತಾ ಹೋಗ್ತಾ ದಡದಿಂದ ಇಳಿಯುತ್ತದೆ, ಮೈಲಿಗಟ್ಟಲೆ ಕೆಸರು ಬಯಲು, ಮೊಣಕಾಲುದ್ದದ ನೀರು ಉಳಿಯುತ್ತದೆ. ರಾಜಹಂಸಕ್ಕೆ ಬೇಕಾದ್ದು ಅದು. ಅಂದರೆ ನಮ್ಮ ಹಳೇ ಕೆರೆಗಳು ಮಾಡುತ್ತಿದ್ದ ಏರಿಳಿತದ ಕೆಲಸವನ್ನು ಈಗ ಅಣೆಕಟ್ಟು ಮಾಡುತ್ತಿದೆ, ಕೆರೆಗಳು ಅಣೆಕಟ್ಟಿನ ಹಾಗೆ ತುಂಬಿಕೊಂಡು ಕೂತಿವೆ. ಕೃಷ್ಣಾ ನ್ಯಾಯಮಂಡಳಿ ಒಪ್ಪಿದಂತೆ ಮಟ್ಟ 524.256 ಮೀಟರಿಗೆ ಏರಿದಾಗ ಮುಳುಗುವ ಊರು, ಹೊಲದ ಲೆಕ್ಕ ನಡೆಯುತ್ತಿದೆ. ಆ ಕೆಸರು ಬಯಲು ಎಲ್ಲಿಗೆ ಸರಿಯುತ್ತದೆ ಅನ್ನೋ ಲೆಕ್ಕವನ್ನೂ ಜತೆಗೇ ಹಾಕಬೇಕು.

ಗೋಕಾಕ ಹತ್ತಿರದ ಧೂಪದಾಳ ಇನ್ನೂ ಸ್ವಾರಸ್ಯ. 1897ರಲ್ಲಿ ಮುಗಿದ ಒಡ್ಡು, ನೂರು ವರ್ಷದಲ್ಲಿ ಹೂಳು ತುಂಬಿ ಆಳ ಕಳೆದುಕೊಂಡಿತು, ನಡುವೆ ದಿಬ್ಬ ಎದ್ದವು, ಹುಲ್ಲು ಬೆಳೆಯಿತು. ನೀರಾವರಿಯವರಿಗೆ ಇದು ನಷ್ಟ. ಅದೇ ಜಾಗ 1974ರಲ್ಲಿ ಘಟಪ್ರಭಾ ಪಕ್ಷಿಧಾಮ ಆಯಿತು. ಕೆರೆ ಹಳತಾಗುವುದೇ ಹೀಗೆ: ಆಳ ನೀರು ಜೌಗಾಗಿ, ಜೌಗು ಹುಲ್ಲುಗಾವಲಾಗುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ದೊಡ್ಡ ಕೆರೆಗೆ ಸಾವಿರಾರು ವರ್ಷ ಹಿಡಿಯುವ ಕೆಲಸ, ನಾವು ಉತ್ತ ಹೊಲದ ಮಣ್ಣು ಮತ್ತು ಗೊಬ್ಬರ ಕೊಟ್ಟು ಒಂದೆರಡು ತಲೆಮಾರಿನಲ್ಲಿ ಮುಗಿಸುತ್ತೇವೆ.

ಕೆರೆ ಅಭಿವೃದ್ಧಿ ಅಂತ ದಡಕ್ಕೆಲ್ಲ ಕಲ್ಲು ಜೋಡಿಸುವುದರ ಬಗ್ಗೆ ಒಂದೇ ಮಾತು. ದಡವೇ ಕೆರೆಯ ಅಡುಗೆಮನೆ. ಅದಕ್ಕೆ ಪಿಚಿಂಗ್ ಹಾಕಿ, ಮೇಲೆ ವಾಕಿಂಗ್ ಪಾಥ್ ಮಾಡಿ, ಬಣ್ಣದ ಲೈಟ್ ಹಚ್ಚಿದರೆ ಉಳಿಯುವುದು ಈಜುಕೊಳ.

ಈಗ ದೊಡ್ಡ ಆಕ್ಷೇಪಣೆ. ಬರದ ಜಿಲ್ಲೆಯಲ್ಲಿ ತುಂಬಿದ ಕೆರೆ ಒಣಗಿಸು ಅಂದರೆ ಜನ ಕಲ್ಲು ಹೊಡೆಯುವುದಿಲ್ಲವೇ? ಹೊಡೆಯುತ್ತಾರೆ. ಸುಮ್ನೆ ಒಣಗಿಸಬೇಕು ಅಂತ ನಾನೂ ಹೇಳುತ್ತಿಲ್ಲ. ಎಲ್ಲ ಕೆರೆಯನ್ನೂ ಅಲ್ಲ, ಪ್ರತಿ ವರ್ಷವೂ ಅಲ್ಲ. ಒಂದು ಕಾಲುವೆಗೆ ಐದಾರು ಕೆರೆ ಇದ್ದರೆ ಸರದಿ ಹಾಕಬಹುದು. ಈ ವರ್ಷ ಈ ಕೆರೆಗೆ ಜನವರಿ ನಂತರ ನೀರು ಬಿಡುವುದಿಲ್ಲ, ಇದ್ದದ್ದನ್ನು ಹಿಂಗಾರಿ ಜೋಳಕ್ಕೆ, ಕಡಲೆಗೆ ತೂಬಿನಿಂದ ಬಿಡಿ, ಮೇ ತಿಂಗಳಲ್ಲಿ ಹೂಳು ಎತ್ತಿ ಹೊಲಕ್ಕೆ ಹಾಕಿ, ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಹರಿಯುವಾಗ ಮತ್ತೆ ತುಂಬಿಸಿ. ಆಗಸ್ಟ್ ನೀರಿಗೆ ಇನ್ನೊಂದು ಲಾಭ ಇದೆ. ಪ್ರವಾಹದ ಮೊದಲ ಕೆಸರು ನೀರು ದಾಟಿದ ಮೇಲೆ ಹೊಳೆಯಲ್ಲಿ ನೀರು ಜಾಸ್ತಿ ಇರುವುದರಿಂದ ಗಟಾರ, ಕಾರ್ಖಾನೆಯ ಪಾಲು ತೆಳುವಾಗಿರುತ್ತದೆ. ಬೇಸಿಗೆಯಲ್ಲಿ ಉಳಿದ ನೀರು ಎತ್ತುವುದಕ್ಕಿಂತ ಅದು ಎಷ್ಟೋ ವಾಸಿ. ಕುಡಿಯುವ ನೀರಿಗೆ ಅದೊಂದೇ ಕೆರೆ ಇದ್ದ ಊರಿಗೆ ಈ ಸರದಿ ನಡೆಯುವುದಿಲ್ಲ. ಅಲ್ಲಿ ಗಟಾರ ತಡೆಯುವುದೊಂದೇ ದಾರಿ.

ಮೀನು ಟೆಂಡರ್ ಹಿಡಿದವರು ಒಪ್ಪುತ್ತಾರಾ ಅನ್ನೋದು ಇನ್ನೊಂದು ಗಂಟು. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟವರಿಗೆ ನೀರು ಇಳಿದರೆ ನಷ್ಟ. ಆದರೆ ಟೆಂಡರ್ ಅವಧಿ ಮುಗಿಯುವ ವರ್ಷಕ್ಕೇ ಸರದಿ ಹೊಂದಿಸಿದರೆ ಅವರಿಗೆ ಕೊನೆಯ ಮೀನು ಹಿಡಿಯುವುದು ಸಲೀಸು. ಜತೆಗೆ ಆಫ್ರಿಕಾದ ಕ್ಯಾಟ್‌ಫಿಶ್ ಕಾಟವೂ ಕಡಿಮೆಯಾಗುತ್ತದೆ. ಆ ಮೀನು ಸಾಕುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿ ವರ್ಷಗಳೇ ಆದವು, ಇನ್ನೂ ಸಿಗುತ್ತದೆ. ಕೆಟ್ಟ ನೀರಿನಲ್ಲೂ ಗಾಳಿ ಕುಡಿದು ಬದುಕುತ್ತದೆ, ಸಿಕ್ಕ ಮೀನು, ಕಪ್ಪೆ ಎಲ್ಲ ತಿನ್ನುತ್ತದೆ. ನೀರು ಪೂರ್ತಿ ಇಳಿದಾಗ ಕೈಯಿಂದ ಆರಿಸಿ ತೆಗೆಯಬಹುದು, ತುಂಬಿದ ಕೆರೆಯಲ್ಲಿ ಬಲೆ ಹಾಕಿ ಮುಗಿಸುವುದು ಆಗದ ಮಾತು.

ಯಾವ ಕೆರೆ ಎಷ್ಟು ಕೆಟ್ಟಿದೆ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ಉಪಾಯವೇ ಇವತ್ತಿಗೂ ನಡೆಯುತ್ತದೆ. ಊಟದ ತಟ್ಟೆಯಷ್ಟು ಅಗಲದ ಬಿಲ್ಲೆಗೆ ಕಪ್ಪು-ಬಿಳಿ ಬಣ್ಣ ಹಚ್ಚಿ, ತೂಕ ಕಟ್ಟಿ, ಗಂಟು ಹಾಕಿದ ಹಗ್ಗದಲ್ಲಿ ನೀರಿಗೆ ಇಳಿಸಬೇಕು. ಕಾಣದಾದ ಆಳ ಬರೆದುಕೊಳ್ಳಬೇಕು. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು. ಕಂದು ಕೆಸರಿಗೂ ಹಸಿರು ಪಾಚಿಗೂ ಒಂದೇ ಅಂಕಿ ಬರಬಹುದು, ಆದ್ದರಿಂದ ಬಣ್ಣವನ್ನೂ ಬರೆಯಬೇಕು. ಹೈಸ್ಕೂಲ್ ವಿಜ್ಞಾನ ಮೇಷ್ಟ್ರು ಮನಸ್ಸು ಮಾಡಿದರೆ ಭೂತನಾಳ ಕೆರೆಗೋ ಮಮದಾಪುರಕ್ಕೋ ಮೂರು ವರ್ಷದ ದಾಖಲೆ ಒಂದು ನೋಟ್‌ಬುಕ್ಕಿನಲ್ಲಿ ಸಿಗುತ್ತದೆ. ಸರದಿಯಲ್ಲಿ ಮೊದಲು ಯಾವ ಕೆರೆ ಅನ್ನೋದನ್ನು ಆ ನೋಟ್‌ಬುಕ್ ನೋಡಿ ತೀರ್ಮಾನಿಸಬಹುದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನೀರು ಇಳಿಸಬೇಕಂದರೆ ತೂಬು ತೆರೆಯಬೇಕು. ಸದಾ ತುಂಬಿದ ಕೆರೆಯ ತೂಬನ್ನು ಯಾರೂ ಮುಟ್ಟದೆ ಗೇಟು ತುಕ್ಕು ಹಿಡಿದಿರುತ್ತದೆ, ತಿರುಪು ತಿರುಗುವುದಿಲ್ಲ, ಕೆಳಗಿನ ಕಾಲುವೆಯಲ್ಲಿ ಜಾಲಿ ಬೆಳೆದಿರುತ್ತದೆ, ಕೆಲವು ಕಡೆ ಅದೇ ಕಾಲುವೆಯ ಮೇಲೆ ಮನೆ ಎದ್ದಿರುತ್ತದೆ. ಜಾಕ್‌ವೆಲ್, ಪೈಪ್‌ಲೈನ್, ಮೋಟರಿಗೆ ಕೋಟಿಗಟ್ಟಲೆ ಅಂದಾಜು ಪಟ್ಟಿ ಮಾಡುವವರು ಮುಂದಿನ ಸಲ ತೂಬಿನ ದುರಸ್ತಿಗೂ ಒಂದು ಸಾಲು ಬರೆಯಲಿ. ಅದಕ್ಕೆ ತಗಲುವ ಖರ್ಚು ಒಂದು ಉದ್ಘಾಟನೆಯ ಶಾಮಿಯಾನಕ್ಕಿಂತ ಬಹಳ ಜಾಸ್ತಿ ಆಗಲಿಕ್ಕಿಲ್ಲ.